ಬರಿದೇ ಬಿಟ್ಟ ಪಟ್ಟಿ

ಎರೆನಾಡು ಎಂಬುದೊಂದು ರಾಜ್ಯ. ಅಲ್ಲಿ ನೆಲವೆಲ್ಲ ಕಪ್ಪು, ಬೆಳೆಯೆಲ್ಲ ಜೋಳ. ಊರ ನಡುವೆ ನೆಲದೊಳಗೆ ಒಂದು ಹಗೇವು. ಬರ ಬಂದರೆ ಉಣ್ಣಲಿಕ್ಕೆಂದು ಅದರಲ್ಲಿ ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದ್ದರು. ಕಾಯುವವಳು ಗೌಡ್ತಿ ನಾಗಲವ್ವ. ಅವಳು ಹೂಂ ಅನ್ನದೆ ಅರಸನೂ ಅದನ್ನು ತೆಗೆಸುವಂತಿರಲಿಲ್ಲ.

ಒಂದು ವರ್ಷ ಎಳೆಯ ಜೋಳದ ಗರಿ ನೇರಳೆಗೆ ತಿರುಗಿತು. ಮರುವರ್ಷವೂ ತಿರುಗಿತು. ಮೂರನೆಯ ವರ್ಷ ತೆನೆ ಹೆಬ್ಬೆರಳ ಗಾತ್ರಕ್ಕೆ ನಿಂತಿತು.

ಆಗ ಘಟ್ಟದ ಕಡೆಯಿಂದ ಪುಂಡಲೀಕನೆಂಬ ವ್ಯಾಪಾರಿ ಬಂದ. ಹಿಂದೆ ಬಂಡಿಗಳ ಸಾಲು.

"ಇದು ಕಲ್ಲುಪುಡಿ, ಪ್ರಭು. ಘಟ್ಟದ ಕೆಂಪು ಹುಳಿಮಣ್ಣಿಗೆ ಹಾಕಿದೆವು, ರಾಗಿ ಎದೆಮಟ್ಟ ಬಂತು. ಇದು ಕೆಂಪುಪ್ಪು, ಕಾಳಿಗೆ ಕಸುವು. ಎರಡೂ ಅಗ್ಗ. ಹಗೇವಿನ ಜೋಳ ಕೊಡಿ, ಬಂಡಿಯೆಲ್ಲ ಇಳಿಸುತ್ತೇನೆ."

"ಆ ಸಣ್ಣ ಚೀಲದಾಗ ಏನೈತಿ?" ನಾಗಲವ್ವ ಕೇಳಿದಳು.

"ಅದೇ ಕಲ್ಲು, ಹುಳಿಯಲ್ಲಿ ಕರಗಿಸಿದ್ದು. ದುಬಾರಿ. ಅದರ ಗೊಡವೆ ನಿಮಗ್ಯಾಕೆ, ಅವ್ವ?"

ಅರಸ ಎಳೆಯ. ಹಗೇವು ತೆಗೆಯಿರಿ ಎಂದ. ನಾಗಲವ್ವ ಹೋಗಿ ಚಪ್ಪಡಿಯ ಮೇಲೆ ಕುಳಿತಳು.

"ನನ್ನಪ್ಪ, ನಾಳೆ ಬರ ಬಂದ್ರ ಕೂಸುಗಳಿಗೆ ಕಲ್ಲುಪುಡಿ ಕಲಸಿ ಉಣಿಸೂದೇನು?"

ಅರಸ ಅಗೆಯಲು ಬಂದವರನ್ನು ತಡೆದ. ಅವಳೇ ದಾರಿ ಹೇಳಿದಳು. "ಒಂದ ಹೊಲ, ನಾಕು ಪಟ್ಟಿ. ಮೂರಕ್ಕ ಇವನ ಮೂರು ಗೊಬ್ಬರ. ಒಂದು ಬರಿದ ಇರಲಿ. ಬರಿ ಪಟ್ಟಿಗಿಂತ ಹೆಚ್ಚು ಬೆಳದದ್ದೆಲ್ಲ ಇವಂದ. ಹಗೇವಿನ ಮಾತು ಆಮ್ಯಾಲೆ."

ಹುಳಿಯಿಲ್ಲದ ಕಪ್ಪು ನೆಲದಲ್ಲಿ ಕಲ್ಲುಪುಡಿ ಕರಗುವುದಿಲ್ಲವೆಂದು ಪುಂಡಲೀಕನಿಗೆ ಗೊತ್ತಿತ್ತು. ಆದರೆ ಮೋಡ ಕಟ್ಟಿತ್ತು. ಮಳೆಯಾದರೆ ಬೆಳೆ ತಾನಾಗಿ ಏಳುತ್ತದೆ, ಹೆಸರು ಪುಡಿಗೆ ಬರುತ್ತದೆ ಎಂದುಕೊಂಡು ಒಪ್ಪಿದ.

ಕಲ್ಲುಪುಡಿ ಬುಟ್ಟಿಗಟ್ಟಲೆ ಎರಚಿದರು. ಕೆಂಪುಪ್ಪು ಬುಟ್ಟಿಗಟ್ಟಲೆ ಎರಚಿದರು. ಸಣ್ಣ ಚೀಲದ್ದನ್ನು ಮಾತ್ರ ನಾಗಲವ್ವ ಬೀಜದ ಪಕ್ಕದಲ್ಲೇ, ಸಾಲಿನೊಳಗೆ, ಚಿಟಿಕೆ ಚಿಟಿಕೆಯಾಗಿ ಬಿಟ್ಟಳು.

ಮಳೆ ಚೆನ್ನಾಗಿಯೇ ಆಯಿತು. ಸುಗ್ಗಿಗೆ ಪುಂಡಲೀಕ ಹೊಸ ರುಮಾಲು ಸುತ್ತಿ, ಖಾಲಿ ಬಂಡಿ ಹೊಡೆದುಕೊಂಡು ಕಣಕ್ಕೆ ಬಂದ.

ಕಲ್ಲುಪುಡಿಯ ರಾಶಿ ಅಳೆದರು. ಬರಿ ಪಟ್ಟಿಯಷ್ಟೇ. ಕೆಂಪುಪ್ಪಿನ ರಾಶಿ ಅಳೆದರು. ಅದೂ ಅಷ್ಟೇ, ಆ ನೆಲದ ಹೊಟ್ಟೆಯಲ್ಲಿ ಆ ಉಪ್ಪು ಮೊದಲೇ ಬೇಕಾದಷ್ಟಿತ್ತು. ಸಣ್ಣ ಚೀಲದ ರಾಶಿ ಅಳೆದರು. ಬರಿ ಪಟ್ಟಿಯ ಒಂದೂವರೆ ಪಟ್ಟು.

"ಹೋದ ವರ್ಷಕ್ಕಿಂತ ಎಲ್ಲವೂ ಹೆಚ್ಚೇ ಬಂದಿದೆಯಲ್ಲ, ಪ್ರಭು," ಎಂದ ಪುಂಡಲೀಕ.

"ಬರಿ ಪಟ್ಟ್ಯಾಗೂ ಹೆಚ್ಚ ಬಂದೈತಿ," ಎಂದಳು ನಾಗಲವ್ವ. "ಅದು ಮಳಿರಾಯಂದು. ನಿಂದಲ್ಲ."

ಸಣ್ಣ ಚೀಲ ಬೆಳೆಸಿದ ಹೆಚ್ಚಿನ ಜೋಳವನ್ನು ಅವಳೇ ಅವನ ಬಂಡಿಗೆ ಸುರಿಸಿದಳು. ಬಂಡಿಯ ಮೂಲೆಯೂ ತುಂಬಲಿಲ್ಲ. ಅರಸ ಹಗೇವಿನ ಬಳಿ ಹೋಗಿ, ಬಿರಿದಿದ್ದ ಮಣ್ಣನ್ನು ತನ್ನ ಕೈಯಿಂದಲೇ ಮತ್ತೆ ಮೆತ್ತಿದ.

ಆದ್ದರಿಂದ ಮಕ್ಕಳೇ, ಗೊಬ್ಬರ ಅಗ್ಗವೋ ದುಬಾರಿಯೋ ಎಂಬುದನ್ನು ಚೀಲದ ಬೆಲೆ ಹೇಳುವುದಿಲ್ಲ, ನಿಮ್ಮ ಮಣ್ಣು ಹೇಳುತ್ತದೆ. ಅದಕ್ಕೆ ಕೊರತೆಯಿರುವುದನ್ನು, ಅದಕ್ಕೆ ದಕ್ಕುವ ರೂಪದಲ್ಲಿ ಕೊಡಿ. ಮಾರುವವನನ್ನು ನಂಬುವ ಮೊದಲು ಒಂದು ಪಟ್ಟಿ ಬರಿದೇ ಬಿಡಿ.