ಬೆಳ್ಳಿಯ ದನಿ

ಹೊಳೆ ಸಮುದ್ರವನ್ನು ಸೇರುವ ಜಾಗದಲ್ಲಿ ಉಪ್ಪು ತೆಗೆಯುವವರ ಒಂದು ಊರಿತ್ತು. ಊರೆಂದರೆ ಹನ್ನೆರಡು ಗುಡಿಸಲು, ನಲವತ್ತು ಜನ. ಗುಡಿಸಲುಗಳ ಮುಂದೆ ಉದ್ದಕ್ಕೂ ಉಪ್ಪಿನ ಆಗರ. ತೂಬು ತೆರೆದು ಸಮುದ್ರದ ನೀರನ್ನು ಪಾತಿಗಳಿಗೆ ಬಿಡುವುದು, ಬಿಸಿಲಿಗೆ ಒಣಗಿಸುವುದು, ಉಳಿದ ಉಪ್ಪನ್ನು ಹಲಗೆಯಿಂದ ಎಳೆದು ರಾಶಿ ಹಾಕುವುದು ಅವರ ಕೆಲಸ.

ಒಂದು ಬೆಳಿಗ್ಗೆ ಬೀರಮ್ಮ ಎಂಬ ಹೆಂಗಸು ಆಗರಕ್ಕೆ ಬಂದಾಗ ಬದುವಿನ ಪಕ್ಕದಲ್ಲಿ ಒಬ್ಬ ಹುಡುಗಿ ಬಿದ್ದಿದ್ದಳು. ಹದಿನೇಳೋ ಹದಿನೆಂಟೋ ವಯಸ್ಸು. ತಲೆಯ ಹಿಂದೆ ದೊಡ್ಡ ಗಾಯ. ಉಪ್ಪುನೀರು ಒಣಗಿ ಮೈಯೆಲ್ಲ ಬೆಳ್ಳಗಾಗಿತ್ತು.

"ಯಾರಮ್ಮ ನೀನು? ಯಾವ ಊರು?"

ಹುಡುಗಿ ಕಣ್ಣು ತೆರೆದು ಅವಳನ್ನು ನೋಡಿದಳು. "ಗೊತ್ತಿಲ್ಲ" ಎಂದಳು.

ಹೆಸರು ಗೊತ್ತಿಲ್ಲ. ತಾಯಿಯ ಮುಖ ಗೊತ್ತಿಲ್ಲ. ನಿನ್ನೆ ಎಂಬುದೇ ಅವಳಿಗೆ ಇರಲಿಲ್ಲ. ಬೀರಮ್ಮ ಅವಳನ್ನು ಮನೆಗೆ ಕರೆತಂದು ಗಂಜಿ ಕುಡಿಸಿದಳು, ಗಾಯಕ್ಕೆ ಅರಿಸಿನ ಹಚ್ಚಿದಳು. ಕರೆಯಲು ಒಂದು ಹೆಸರು ಬೇಕಲ್ಲ? ಬೆಳ್ಳಗೆ ಸಿಕ್ಕಿದವಳನ್ನು ಬೆಳ್ಳಿ ಎಂದು ಕರೆದಳು.

ಬೆಳ್ಳಿ ಕೆಲಸ ಕಲಿತಳು. ಕೈಗೆ ಬೊಕ್ಕೆ ಬಂದವು, ಒಡೆದವು, ಆಮೇಲೆ ಗಟ್ಟಿಯಾದವು. ಒಂದು ವರ್ಷ ಹೀಗೇ ಕಳೆಯಿತು.

ಒಂದು ದಿನ ಆಗರದಲ್ಲಿ ಇಬ್ಬರು ಗಂಡಸರ ನಡುವೆ ಜಗಳ ಹತ್ತಿತು. ಒಬ್ಬ ಇನ್ನೊಬ್ಬನ ತಲೆಗೆ ಹಲಗೆ ಎತ್ತಿದ. ಬೆಳ್ಳಿ ಓಡಿಬಂದಳು. ಅವಳ ಹೊಟ್ಟೆಯಾಳದಿಂದ ತನಗೇ ಗುರುತಿಲ್ಲದ ಒಂದು ದನಿ ಎದ್ದಿತು.

"ನಿಲ್ಲಿ!"

ಎತ್ತಿದ ಹಲಗೆ ಗಾಳಿಯಲ್ಲೇ ನಿಂತಿತು. ಅದೊಂದೇ ಅಲ್ಲ. ಇಡೀ ಆಗರವೇ ನಿಂತಿತು. ಬುಟ್ಟಿ ಹೊತ್ತು ಬದು ದಾಟುತ್ತಿದ್ದ ಬೀರಮ್ಮ ಒಂದು ಕಾಲು ಎತ್ತಿದವಳು ಹಾಗೆಯೇ ಒಂಟಿಕಾಲಲ್ಲಿ ನಿಂತಿದ್ದಳು. ಯಾರಿಗೂ ರೆಪ್ಪೆ ಬಡಿಯಲೂ ಆಗಲಿಲ್ಲ. ಬೆಳ್ಳಿ ಬೆದರಿ, "ಸಾಕು, ಸಾಕು!" ಎಂದಳು. ಎಲ್ಲರೂ ಒಮ್ಮೆಗೇ ಕುಸಿದು ಕುಳಿತರು.

ಸಂಜೆ ಬೀರಮ್ಮ ಹೇಳಿದಳು: "ಮಗಳೇ, ನನ್ನ ಕಾಲು ಆಗ ನನ್ನದಾಗಿರಲಿಲ್ಲ. ನೀನು ಒಳ್ಳೆಯದಕ್ಕೇ ಕೂಗಿದೆ, ಒಂದು ತಲೆ ಉಳಿಯಿತು. ಆದರೂ ನನಗೆ ಭಯವಾಯಿತು."

"ನನಗೂ ಭಯವಾಯಿತು ಅಮ್ಮಾ. ನಾನು ಯಾರು ಹಾಗಾದರೆ?"

ಆ ಕೂಗಿನ ಸುದ್ದಿ ಊರೂರಿಗೆ ಹಬ್ಬಿತು. ಅವಳ ಪ್ರಶ್ನೆಗೆ ಉತ್ತರ ಹದಿನೈದು ದಿನಗಳ ನಂತರ ಕುದುರೆಯ ಮೇಲೆ ಬಂತು.

ಅದು ನಡುಮಧ್ಯಾಹ್ನ. ಸಮುದ್ರ ಉಬ್ಬರದಲ್ಲಿತ್ತು. ಒಬ್ಬ ದಳವಾಯಿ, ಅವನ ಹಿಂದೆ ಆರು ಜನ ಸವಾರರು ಒಣಗಿದ ಪಾತಿಗಳ ಮೇಲೆಯೇ ಕುದುರೆ ನಡೆಸಿಕೊಂಡು ಬಂದು ಆಗರದ ನಡುವೆ ನಿಂತರು. ಏಳೂ ಜನರ ಕಿವಿಗಳಲ್ಲಿ ಜೇನುಮೇಣ ತುಂಬಿತ್ತು. ಒಂದು ಸಣ್ಣ ಸದ್ದೂ ಒಳಗೆ ಹೋಗದಂತೆ ಬಿಗಿಯಾಗಿ ಒತ್ತಿದ್ದರು. ಅದನ್ನು ಕಂಡ ಕೂಡಲೇ ಬೆಳ್ಳಿಗೆ ತಿಳಿಯಿತು, ಇವರಿಗೆ ತನ್ನ ದನಿಯ ವಿಷಯ ಗೊತ್ತು.

ದಳವಾಯಿ ಕೆಂಚರಾಯ ಕಿವುಡರಂತೆ ಜೋರಾಗಿ ಮಾತನಾಡಿದ. "ಪದುಮಿ, ಕೊನೆಗೂ ಸಿಕ್ಕಿದೆ! ಹೀಗೇಕೆ ನೋಡುತ್ತೀಯ? ಮರೆತೆಯಾ? ನಾನೇ ಹೇಳುತ್ತೇನೆ ಕೇಳು. ನಿನ್ನನ್ನು ಕೋಟೆಯಲ್ಲಿ ಸಾಕಿದವನು ನಾನು. ನಮ್ಮ ದೊರೆಗೆ ನಿನ್ನ ದನಿಯೇ ದೊಡ್ಡ ಸೈನ್ಯ. ಹೋದ ವರ್ಷ ನೇರಳಹಟ್ಟಿಯ ರೈತರು ಯುದ್ಧಕ್ಕೆ ಬರುವುದಿಲ್ಲ ಅಂದರು. ನೀನು ಅವರ ಊರಿನ ನಡುವೆ ನಿಂತು ಒಂದೇ ಮಾತು ಹೇಳಿದೆ, 'ಗಂಡಸರೇ, ಕೋಟೆಗೆ ನಡೆಯಿರಿ'. ಮೂವತ್ತೆಂಟು ಗಂಡಸರು ಇದ್ದಲ್ಲಿಂದ ಎದ್ದು ಬರಿಗೈಯಲ್ಲಿ ಶತ್ರುವಿನ ಕೋಟೆಗೆ ನಡೆದರು. ಆರು ಜನ ವಾಪಸು ಬಂದರು. ಆದರೇನು, ಅವರ ಹಿಂದೆಯೇ ನಾವು ನುಗ್ಗಿದೆವು, ಕೋಟೆ ನಮ್ಮದಾಯಿತು! ನೀನು ಮಾತ್ರ ಹುಚ್ಚಿಯ ಹಾಗೆ ಓಡಿಹೋಗಿ ಹೊಳೆಗೆ ಹಾರಿದೆ."

ಬೆಳ್ಳಿಯ ಕೈಯಿಂದ ಹಲಗೆ ಜಾರಿತು. "ನಾನು ಮನಸ್ಸಿನಿಂದ ಹೇಳಿದೆನೇ? ಇಲ್ಲವೇ ನೀವು ಹೆದರಿಸಿ ಹೇಳಿಸಿದಿರಾ?" ಎಂದು ಕೇಳಿದಳು.

ಕೆಂಚರಾಯನಿಗೆ ಕೇಳಲಿಲ್ಲ. ಅವನು ಕತ್ತಿ ಹಿರಿದು ಬೀರಮ್ಮನ ಕಡೆ ತೋರಿಸಿದ. "ಗಂಟು ಕಟ್ಟಿಕೊಂಡು ಬಾ. ತಡಮಾಡಿದರೆ ಈ ಮುದುಕಿಯಿಂದ ಶುರುಮಾಡುತ್ತೇನೆ."

ಬೆಳ್ಳಿ ಸುತ್ತ ನೋಡಿದಳು. ಸವಾರರ ಕಿವಿ ಮುಚ್ಚಿತ್ತು. ಆದರೆ ಉಪ್ಪಿನವರ ಕಿವಿ ತೆರೆದೇ ಇತ್ತು. ನಲವತ್ತು ಜನ, ದೊಡ್ಡವರೆಲ್ಲರ ಕೈಯಲ್ಲಿ ಹಲಗೆ. 'ಮೇಲೆ ಬೀಳಿ' ಎಂದು ಒಂದು ಮಾತು ಅಂದರೆ ಸಾಕು, ಒಬ್ಬರೂ ಹಿಂಜರಿಯುವುದಿಲ್ಲ. ಹಿಂಜರಿಯಲು ಅವರಿಂದ ಆಗುವುದೂ ಇಲ್ಲ. ಏಳು ಕತ್ತಿಗಳಿಗೆ ಹತ್ತೋ ಹನ್ನೆರಡೋ ಜನ ಸಾಯಬಹುದು. ಉಳಿದವರು ಗೆಲ್ಲುತ್ತಾರೆ. ಅವಳು ಉಳಿಯುತ್ತಾಳೆ.

ಆ ದನಿ ಗಂಟಲಿನವರೆಗೆ ಬಂತು. ಮುಂದುಗಡೆ ತೂಬು ಕಾಯುವ ಹೊನ್ನಪ್ಪ ನಿಂತಿದ್ದ. ಅವನ ಸೊಂಟ ಹಿಡಿದು ಅವನ ಮಗಳು ನಿಂತಿದ್ದಳು, ಐದು ವರ್ಷದ ಕೂಸು. ನೇರಳಹಟ್ಟಿಯಲ್ಲೂ ಹೀಗೇ ಯಾರೋ ಯಾರನ್ನೋ ಹಿಡಿದುಕೊಂಡಿರಬೇಕು ಎನಿಸಿತು. ಬೆಳ್ಳಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ದನಿ ಹಿಂದಕ್ಕೆ ಇಳಿಯುವ ತನಕ ಹಾಗೇ ನಿಂತಳು. ಆಮೇಲೆ ಕೈ ತೆಗೆದು ಸಣ್ಣಗೆ ಹೇಳಿದಳು.

"ನಾನು ಹೋಗುತ್ತೇನೆ. ನೀವು ಯಾರೂ ಅಡ್ಡ ಬರಬೇಡಿ."

ಬೀರಮ್ಮ ಅವಳ ಮುಖ ನೋಡಿದಳು. "ಇದು ನಿನ್ನ ಅಪ್ಪಣೆಯೋ, ಬರೀ ಮಾತೋ?"

"ಬರೀ ಮಾತು ಅಮ್ಮಾ."

"ಹಾಗಾದರೆ ನಾನು ಕೇಳುವುದಿಲ್ಲ."

ಹೀಗೆಂದು ಬೀರಮ್ಮ ಅಳುವವಳಂತೆ ಬೆಳ್ಳಿಯನ್ನು ತಬ್ಬಿಕೊಂಡಳು. ತಬ್ಬಿಕೊಂಡೇ ಗಟ್ಟಿಯಾಗಿ ಕೂಗಿದಳು. "ಹೊನ್ನಪ್ಪಾ, ಈ ಕಿವುಡರಿಗೆ ನಮ್ಮ ಮಾತು ಕೇಳುವುದಿಲ್ಲ. ಉಬ್ಬರ ತುಂಬಿದೆ. ಮೂರೂ ತೂಬು ತೆಗೆಯೋಣವೇ?"

ಹೊನ್ನಪ್ಪ ರಾಶಿ ರಾಶಿ ಉಪ್ಪಿನ ಕಡೆ ನೋಡಿದ. "ಇಡೀ ವರ್ಷದ ಉಪ್ಪು ಕರಗಿಹೋಗುತ್ತದೆ ಬೀರಕ್ಕ."

"ಹೌದು. ಅದಕ್ಕೇ ಎಲ್ಲರನ್ನೂ ಕೇಳುತ್ತಿದ್ದೇನೆ."

ಹಿಂದಿನಿಂದ ಒಬ್ಬಳು "ತೆಗೆಯಿರಿ" ಎಂದಳು. ಅವತ್ತು ಜಗಳಾಡಿದ ಇಬ್ಬರೂ "ತೆಗೆಯಿರಿ" ಎಂದರು. ಸವಾರರ ಕಣ್ಣಿಗೆ ಇದೆಲ್ಲ ಹುಡುಗಿಯನ್ನು ಬೀಳ್ಕೊಡುವ ಗೋಳಾಟದಂತೆ ಕಂಡಿತು. ಹೊನ್ನಪ್ಪ ಮಗಳನ್ನು ಎತ್ತಿಕೊಂಡು ಕಣ್ಣೊರೆಸುತ್ತಾ ಸದ್ದಿಲ್ಲದೆ ತೂಬಿನ ಕಡೆ ಹೋದ. ಅವನ ಹಿಂದೆ ಇನ್ನಿಬ್ಬರು ಹೋದರು.

ನೀರು ಸವಾರರ ಬೆನ್ನ ಹಿಂದಿನಿಂದ ನುಗ್ಗಿತು. ಬರುವ ಸದ್ದು ಅವರಿಗೆ ಕೇಳಲಿಲ್ಲ. ಒಣಗಿದ ಪಾತಿಯ ಮೇಲ್ಪದರ ಮಾತ್ರ ಗಟ್ಟಿ, ಅಡಿಯಲ್ಲೆಲ್ಲ ಕೆಸರು. ಕುದುರೆಗಳ ಕಾಲು ಹೂತವು. ಬೆದರಿದ ಕುದುರೆಗಳು ಮುಂಗಾಲೆತ್ತಿ ಸವಾರರನ್ನು ಕೆಡವಿದವು. ಬದುವಿನ ಮೇಲೆ ನಿಂತಿದ್ದ ಉಪ್ಪಿನವರು ಹಲಗೆಗಳಿಂದ ಒತ್ತಿ ಹಿಡಿದು ಒಬ್ಬೊಬ್ಬರ ಕತ್ತಿಯನ್ನೂ ಕಿತ್ತುಕೊಂಡರು.

ಕೆಂಚರಾಯ ಎದೆಮಟ್ಟದ ಕೆಸರಿನಲ್ಲಿ ಸಿಕ್ಕಿಬಿದ್ದಿದ್ದ. ಒದ್ದಾಟದಲ್ಲಿ ಕಿವಿಯ ಮೇಣ ಬಿದ್ದುಹೋಗಿತ್ತು. ಬೆಳ್ಳಿ ಹತ್ತಿರ ಬಂದದ್ದನ್ನು ಕಂಡು ಅವನು ಅಂಗೈಗಳಿಂದ ಕಿವಿ ಮುಚ್ಚಿಕೊಳ್ಳಲು ನೋಡಿದ, ಕೆಸರುಗೈ ಜಾರಿತು.

"ಅವನಿಗೆ 'ಸಮುದ್ರಕ್ಕೆ ನಡೆ' ಅನ್ನು ಬೆಳ್ಳಿ!" ಎಂದು ಯಾರೋ ಕೂಗಿದರು.

ಬೆಳ್ಳಿ ಅವನ ಎದುರು ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತಳು. ಎಲ್ಲರೂ ಮಾತನಾಡುವಂಥ ದನಿಯಲ್ಲೇ ಕೇಳಿದಳು. "ನೇರಳಹಟ್ಟಿಗೆ ದಾರಿ ಯಾವುದು?"

ಅವನು ದಾರಿ ಹೇಳಿದ. ಉಪ್ಪಿನವರು ಅವನನ್ನು ಎಳೆದು ಮೇಲೆ ಹಾಕಿದರು. ಏಳೂ ಜನರನ್ನು ಕತ್ತಿ, ಕುದುರೆ ಕೊಡದೆ ಬರಿಗಾಲಲ್ಲಿ ಹೊರಗೆ ಕಳಿಸಿದರು.

ಮರುದಿನವೇ ಬೆಳ್ಳಿ ಹೊರಟಳು. ಬೀರಮ್ಮ ತಡೆದಳು. "ನಿನಗೆ ನೆನಪೇ ಇಲ್ಲ ಮಗಳೇ. ಅದು ಬೇರೆ ಯಾರೋ ಮಾಡಿದ್ದು ಅಂದುಕೊಂಡು ಇಲ್ಲೇ ಇದ್ದುಬಿಡು."

"ನನಗೆ ನೆನಪಿಲ್ಲ ಅಮ್ಮಾ. ಅವರಿಗೆ ಇರುತ್ತದಲ್ಲ."

ಮೂರು ದಿನ ನಡೆದು ನೇರಳಹಟ್ಟಿ ಸೇರಿದಳು. ಊರ ನಡುವೆ ನಿಂತು ತಾನು ಯಾರು, ಏನು ಮಾಡಿದೆ ಎಂದು ಹೇಳಿದಳು. ಹೆಂಗಸರೇ ಹೆಚ್ಚಿದ್ದ ಊರು ಅದು. ಒಬ್ಬಳು ಕಲ್ಲು ಎತ್ತಿದಳು. ಬೆಳ್ಳಿ ಕದಲಲಿಲ್ಲ, ದನಿಯನ್ನೂ ಎತ್ತಲಿಲ್ಲ.

ಆಗ ಕಾಳವ್ವ ಎಂಬ ಹೆಂಗಸು ಮುಂದೆ ಬಂದಳು. "ನನ್ನ ಗಂಡ ಉಣ್ಣುತ್ತಾ ಕೂತಿದ್ದವನು ತಟ್ಟೆ ಬಿಟ್ಟು ಎದ್ದುಹೋದ. ಕರೆದೆ, ತಿರುಗಿ ನೋಡಲಿಲ್ಲ. ವಾಪಸು ಬಂದ ಆರು ಜನ 'ಕಾಲು ತಾನಾಗಿ ನಡೆಯಿತು' ಅಂದರೂ ನಾನು ನಂಬಲಿಲ್ಲ. ನನ್ನನ್ನೂ ಮಕ್ಕಳನ್ನೂ ಬೇಡವೆಂದು ಹೋದ ಅಂತ ಒಂದು ವರ್ಷದಿಂದ ಅವನನ್ನು ಶಪಿಸುತ್ತಿದ್ದೇನೆ. ಅವನು ತಾನಾಗಿ ಹೋಗಲಿಲ್ಲವೇ?"

"ಇಲ್ಲ ಅವ್ವಾ. ಅವರ ಕಾಲು ಅವರದಾಗಿರಲಿಲ್ಲ. ನನ್ನ ಅಪ್ಪಣೆ ಅದು."

ಕಾಳವ್ವ ಬೆಳ್ಳಿಯ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ಆಮೇಲೆ ನೆಲಕ್ಕೆ ಕುಸಿದು ವರ್ಷದಿಂದ ಅಳದ ಅಳುವನ್ನೆಲ್ಲ ಅತ್ತಳು. ಅಳು ನಿಂತ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ನಿನಗೆ ಅವನ ಮುಖವೂ ನೆನಪಿಲ್ಲ ಅಲ್ಲವೇ? ಕೂತುಕೋ. ಅವನು ಎಂಥವನು ಅಂತ ನಾನು ಹೇಳುತ್ತೇನೆ."

ಬೆಳ್ಳಿ ಕುಳಿತು ಕೇಳಿದಳು. ಮರುದಿನ ಪಕ್ಕದ ಮನೆಯಲ್ಲಿ ಕುಳಿತು ಕೇಳಿದಳು. ಮೂವತ್ತೆರಡು ಮನೆಗಳಲ್ಲಿ ಮೂವತ್ತೆರಡು ಗಂಡಸರ ಬಗ್ಗೆ ಕೇಳಿದಳು. ಯಾರಿಗೆ ಹಲಸು ಇಷ್ಟ, ಯಾರು ನಿದ್ದೆಯಲ್ಲಿ ಮಾತಾಡುತ್ತಿದ್ದ, ಯಾರು ಮಗುವಿಗೆ ಹೆಸರಿಡುವ ಮೊದಲೇ ಹೋದ, ಎಲ್ಲವನ್ನೂ ಕೇಳಿದಳು. ಹಗಲು ಆ ಮನೆಗಳ ಹೊಲದಲ್ಲಿ ದುಡಿದಳು. ಅವಳ ಸ್ವಂತ ನೆನಪು ಕೊನೆಗೂ ಮರಳಲಿಲ್ಲ. ಆದರೆ ಆ ಮೂವತ್ತೆರಡು ಹೆಸರುಗಳಲ್ಲಿ ಒಂದನ್ನೂ ಅವಳು ಬದುಕಿರುವ ತನಕ ಮರೆಯಲಿಲ್ಲ.

ನೀತಿ: ಮಾಡಿದ್ದು ಮರೆತುಹೋದರೂ ಅದರ ಹೊಣೆ ಹೋಗುವುದಿಲ್ಲ. ನಾವು ಮರೆತದ್ದನ್ನು ನೊಂದವರು ನೆನಪಿಟ್ಟಿರುತ್ತಾರೆ, ಅವರ ಮುಂದೆ ಹೋಗಿ ಕುಳಿತು ಕೇಳುವುದೇ ತಪ್ಪನ್ನು ತಿದ್ದುವ ಮೊದಲ ಹೆಜ್ಜೆ. ಇನ್ನೊಬ್ಬರನ್ನು ನಮ್ಮ ಇಷ್ಟದಂತೆ ನಡೆಸುವ ಶಕ್ತಿ ಕೈಯಲ್ಲಿರುವಾಗಲೂ 'ನಿಮ್ಮ ಇಷ್ಟವೇನು?' ಎಂದು ಕೇಳಬಲ್ಲವರೇ ನಿಜವಾದ ಬಲಶಾಲಿಗಳು.