ಬೆರಳು ಎಂಬ ಮೈದಾನ

ಅರ್ಜೆಂಟೀನಾದ ದಕ್ಷಿಣ ಕರಾವಳಿಯಲ್ಲಿ ಪುಂತಾ ಲೊರೆನ್ಸಾ ಎಂಬುದೊಂದು ಊರು. ಊರು ಎನ್ನುವುದಕ್ಕಿಂತ, ಗಾಳಿಗೆ ಬೆನ್ನು ಕೊಟ್ಟು ನಿಂತ ತಗಡಿನ ಮನೆಗಳ ಸಾಲು ಎಂದರೆ ಸರಿ. ಊರು ದಾಟಿ ಕಸಾಯಿಖಾನೆಯ ಹಿಂದಕ್ಕೆ ಹೋದರೆ ನೆಲ ಬೋಗುಣಿಯಂತೆ ತಗ್ಗಾಗುತ್ತದೆ. ಅಲ್ಲಿ ಉನಿಯೋನ್ ಲಾನೆರಾ ಎಂಬ ಫುಟ್‌ಬಾಲ್ ಕ್ಲಬ್ಬಿನ ಮೈದಾನವಿದೆ. ಹುಲ್ಲು ಕಡಿಮೆ, ಉಪ್ಪುಮಣ್ಣೇ ಹೆಚ್ಚು. ಇಳಿಜಾರಿನ ಮೇಲೆ ಸುಣ್ಣ ಬಳಿದ ಕಲ್ಲುಗಳನ್ನು ಜೋಡಿಸಿ ಆಳೆತ್ತರದ ಅಕ್ಷರಗಳಲ್ಲಿ 'ಎಲ್ ದೇದೊ' ಎಂದು ಬರೆದಿದ್ದಾರೆ. ಅವರ ಭಾಷೆಯಲ್ಲಿ ಹಾಗೆಂದರೆ ಬೆರಳು. ಬಂದವರು ಪಕ್ಕದಲ್ಲಿ ನೆಟ್ಟಗೆ ನಿಂತ ಬಂಡೆಯೊಂದನ್ನು ನೋಡಿ, ಓಹೋ, ಇದಕ್ಕೇ ಈ ಹೆಸರು ಎಂದುಕೊಂಡು ಫೋಟೊ ತೆಗೆದು ಹೋಗುತ್ತಾರೆ. ತಪ್ಪು. ಬಂಡೆ ಅಲ್ಲಿ ಮೊದಲಿನಿಂದಲೂ ಇದೆ. ಹೆಸರು ಬಂದದ್ದು ಆಮೇಲೆ. ಅದು ಮನುಷ್ಯನ ಬೆರಳು, ಅನ್ಸೆಲ್ಮೊ ಬರಿಯಾ ಎಂಬವನ ಬಲಗೈಯ ತೋರುಬೆರಳು.

ಹಿಂದೆ ಒಮ್ಮೆ ಈ ಕ್ಲಬ್ಬು ಈ ತಗ್ಗಿನಲ್ಲಿ ಆಡುತ್ತಿರಲಿಲ್ಲ, ಸಮುದ್ರದಂಚಿನ ಬಯಲಿನಲ್ಲಿ ಆಡುತ್ತಿತ್ತು ಎನ್ನುತ್ತಾರೆ. ಕ್ಲಬ್ಬನ್ನು ಕಟ್ಟಿದವರು ಕುರಿಗಳ ಉಣ್ಣೆ ಕತ್ತರಿಸುವವರು. ಆ ಬಯಲು ಮೊದಲು ಬರೀ ಕಲ್ಲು. ಗಂಡಸರು ಕುರಿಯ ಕೆಲಸಕ್ಕೆ ಒಳನಾಡಿಗೆ ಹೋದಾಗ ಹೆಂಗಸರು ಸೆರಗಿನಂತೆ ಕಟ್ಟಿದ ಗೋಣಿಯಲ್ಲಿ ಕಲ್ಲು ಆರಿಸಿ ಆರಿಸಿ ಅದನ್ನು ಮೈದಾನ ಮಾಡಿದರು. ಅವರಲ್ಲಿ ಮುಂದಾಳು ಅನ್ಸೆಲ್ಮೊನ ಹೆಂಡತಿ ದೆಲ್ಫಿನಾ. ಮೈದಾನ ಹಸನಾದ ಮೇಲೆ ಬಂದರಿನ ಗುಮಾಸ್ತರ ಕ್ಲಬ್ಬಾದ ಫಾರೊ ಕೂಡ ಅದರ ಮೇಲೆ ಕಣ್ಣು ಹಾಕಿತು. ವಾರ ವಾರವೂ ಜಗಳ, ಆಗಾಗ ತಲೆ ಒಡೆಯುವುದು. ಬೇಸತ್ತು, ಆ ಬಯಲಿನ ಒಡೆಯನಾದ ಜಮೀನುದಾರ ಒಂದು ಮಾತು ಹೇಳಿದ: ಒಂದು ಪಂದ್ಯವಾಡಿ. ಗೆದ್ದವರಿಗೆ ಬಯಲು, ಸಮವಾದರೆ ಈಗ ಇರುವ ಉನಿಯೋನಿಗೇ.

ಇಲ್ಲಿ ಆ ಸೀಮೆಯ ಒಂದು ಪದ್ಧತಿಯನ್ನು ಹೇಳಲೇಬೇಕು. ಅಲ್ಲಿ ಬೀಸುವ ಗಾಳಿ ಚೆಂಡನ್ನು ನಿಂತಲ್ಲಿ ನಿಲ್ಲಗೊಡುವುದಿಲ್ಲ. ಆದ್ದರಿಂದ ಪೆನಾಲ್ಟಿ ಒದೆಯುವಾಗ ಒಬ್ಬ ನೆಲಕ್ಕೆ ಬೋರಲು ಮಲಗಿ ಚೆಂಡಿನ ನೆತ್ತಿಯ ಮೇಲೆ ಬೆರಳಿಟ್ಟು ಹಿಡಿಯಬೇಕು. ಒದೆಯುವ ಪಕ್ಷದವನೇ ಹಿಡಿದರೆ ಚೆಂಡು ಮೆಲ್ಲಗೆ ಗೋಲಿನ ಹತ್ತಿರಕ್ಕೆ ಸರಿಯುತ್ತದೆ ಎಂಬುದು ಅನುಭವದ ಮಾತು. ಹಾಗಾಗಿ ಗೋಲು ಯಾರಿಗೆ ಬೇಡವೋ ಅವರ ನಾಯಕನೇ ಹಿಡಿಯಬೇಕು ಎಂದು ಹಿರಿಯರು ಕಟ್ಟಳೆ ಮಾಡಿದ್ದರು.

ಪಂದ್ಯದ ದಿನ ಬೆಳಗಿನಿಂದಲೇ ಗಾಳಿಗೆ ಹುಚ್ಚು ಹಿಡಿದಿತ್ತು. ತಗಡುಗಳು ಬಡಿದುಕೊಳ್ಳುತ್ತಿದ್ದವು, ನಾಯಿಗಳು ಒಂದು ಕಡೆ ಮಲಗಲಾರದೆ ಸುತ್ತುತ್ತಿದ್ದವು. ಎರಡೂ ಕಡೆ ಒಂದೊಂದು ಗೋಲಾಗಿ ಆಟ ಮುಗಿಯಲು ಬಂದಿತ್ತು. ಆಗ ಉನಿಯೋನಿನವನೊಬ್ಬ ಗಾಬರಿಯಲ್ಲಿ ಚೆಂಡನ್ನು ಕೈಯಿಂದ ತಡೆದ. ಪೆನಾಲ್ಟಿ. ಉನಿಯೋನಿನ ನಾಯಕ ಅನ್ಸೆಲ್ಮೊ ಹೋಗಿ ಮಲಗಬೇಕಾಯಿತು. ಗೋಲು ಕಾಯುತ್ತಿದ್ದ ತೀನೊ ದೆಲ್ಫಿನಾಳ ತಮ್ಮ. ಅವನು ಹತ್ತಿರ ಬಂದು ಬಗ್ಗಿ ಪಿಸುಗುಟ್ಟಿದ: "ಭಾವ, ಅವನ ಕಾಲು ಬರೋ ಮುಂಚೆ ಬೆರಳನ್ನ ಒಂದು ಚೂರು ಎತ್ತಿಬಿಡು. ಗಾಳಿ ತಪ್ಪಿಸ್ತು ಅಂತಾರೆ. ಈ ಧೂಳಲ್ಲಿ ದೇವರಿಗೂ ಕಾಣೋದಿಲ್ಲ."

"ನೀನು ಹೋಗಿ ಗೋಲು ಕಾಯಿ," ಎಂದ ಅನ್ಸೆಲ್ಮೊ.

ಒದೆಯಲು ಬಂದವನು ಫಾರೊದ ಲಿಸಾಂದ್ರೊ. ಅವನು ಚೆಂಡಿನ ಹತ್ತಿರ ನಿಂತು ಕೇಳಿದ: "ಏನಪ್ಪಾ ಅನ್ಸೆಲ್ಮೊ, ನಿನ್ನ ಬೆರಳನ್ನ ನಂಬಬಹುದೋ?"

"ಬೆರಳಿನ ಚಿಂತೆ ನನಗಿರಲಿ. ನೀನು ನಿನ್ನ ಕಾಲು ನೋಡಿಕೊ."

ಮಾತು ಗಟ್ಟಿಯಾಗಿಯೇ ಬಂತು, ಆದರೆ ಒಳಗೆ ಅವನಿಗೆ ನೆಲೆ ಇರಲಿಲ್ಲ. ಬೆರಳಿನ ಕೆಳಗೆ ಚೆಂಡು, ಕೈಗೆ ಸಿಕ್ಕ ಹಕ್ಕಿಯಂತೆ, ನಡುಗುತ್ತಿತ್ತು. ಬಿಟ್ಟರೆ ಸಾಕು, ಹಾರಲು ಕಾದಿತ್ತು. ಕೆನ್ನೆಗೆ ಒತ್ತಿದ ನೆಲ ಎಷ್ಟು ನುಣುಪಾಗಿದೆಯೆಂದು ಅವನಿಗೆ ಆಗಲೇ ಗೊತ್ತಾದದ್ದು. ಒಂದು ಹರಳೂ ಇಲ್ಲ. ಇದನ್ನು ಹೀಗೆ ಮಾಡಿದ ಕೈಗಳಲ್ಲಿ ಒಂದು ಜೊತೆ ತನ್ನ ಮನೆಯಲ್ಲಿದೆ. ಆ ಕೈಗಳ ಒಡಕಿಗೆ ಪ್ರತಿ ಚಳಿಗಾಲವೂ ಕುರಿಕೊಬ್ಬು ಸವರಿದವನು ತಾನೇ. ಎತ್ತಿದರೆ ಈ ನೆಲ ಉಳಿಯುತ್ತದೆ. ಆದರೆ ಅವನ ಕಸುಬಿನಲ್ಲೊಂದು ನೇಮವಿತ್ತು: ಕತ್ತರಿ ತಾಗಿ ಕುರಿಯ ಚರ್ಮ ಹರಿದರೆ, ಹರಿದವನೇ ಕೂಗಿ ಹೇಳಿ, ಗಾಯ ಕೆಡದಂತೆ ಡಾಂಬರು ಹಚ್ಚಿಸಬೇಕು; ಉಣ್ಣೆಯಲ್ಲಿ ಗಾಯ ಮುಚ್ಚಿ ಮುಂದಿನ ಕುರಿಗೆ ಕೈಹಾಕಿದವನ ಜೊತೆ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ. ಎತ್ತಬೇಕು ಎಂದುಕೊಂಡ. ಬಾರದು ಎಂದುಕೊಂಡ. ಮತ್ತೆ ಎತ್ತಬೇಕು ಎಂದುಕೊಂಡ. ಅಷ್ಟರಲ್ಲಿ ನೆಲ ಧಡಧಡನೆ ಅದುರಿತು, ಕಾಲು ಬಂದೇಬಿಟ್ಟಿತು. ಚೆಂಡಿನೊಂದಿಗೆ ಬೆರಳೂ ಒದೆತ ತಿಂದಿತು. ಎತ್ತದೆ ಒತ್ತಿ ಹಿಡಿದಿದ್ದ ಬೆರಳು ಒಣಕಡ್ಡಿಯಂತೆ ಮುರಿಯಿತು. ಚೆಂಡು ತೀನೊನ ಎಡಕ್ಕೆ ಹಾದು ಒಳಗೆ ಹೋಯಿತು.

ಬಯಲು ಫಾರೊದ ಪಾಲಾಯಿತು. ಉನಿಯೋನಿಗೆ ಉಳಿದದ್ದು ಕಸಾಯಿಖಾನೆಯ ಹಿಂದಿನ, ಯಾರಿಗೂ ಬೇಡದ ಈ ತಗ್ಗು. ಅದಕ್ಕೆ ಹೆಸರಿಡಲು ಸಭೆ ಸೇರಿತು. ಒಬ್ಬರು ಸಂತನ ಹೆಸರೆಂದರು, ಒಬ್ಬರು ಸೇನಾಪತಿಯ ಹೆಸರೆಂದರು. ಆ ಪಂದ್ಯದ ದಿನದಿಂದ ಗಂಡನೊಡನೆ ಮಾತು ಬಿಟ್ಟಿದ್ದ ದೆಲ್ಫಿನಾ ಎದ್ದು ನಿಂತಳು.

"ಬೆನ್ನು ಬಗ್ಗಿಸಿ ಕಲ್ಲು ಹೊತ್ತವರು ನಾವು. ಇವನಿಗೆ ಒಂದು ಬೆರಳೆತ್ತೋದು ಭಾರವಾಯ್ತು! ಈ ಗುಂಡಿಗೆ ಆ ಬೆರಳಿನ ಹೆಸರನ್ನೇ ಇಡಿ. ನಾವು ಇಲ್ಲಿಗೆ ಯಾಕೆ ಬಂದು ಬಿದ್ದೆವು ಅಂತ ಬಂದವರಿಗೆಲ್ಲ ಗೊತ್ತಾಗಲಿ."

ಸಭೆ ಗೊಳ್ಳೆಂದು ನಕ್ಕಿತು. ಮೂಲೆಯಲ್ಲಿದ್ದ ಅನ್ಸೆಲ್ಮೊ ಬಟ್ಟೆ ಸುತ್ತಿದ ಕೈಯನ್ನು ಮೇಲೆತ್ತಿದ. ಮಾತನಾಡಲು ಅಪ್ಪಣೆ ಕೇಳುತ್ತಿದ್ದಾನೆಂದು ಎಲ್ಲರೂ ಸುಮ್ಮನಾದರು. ಅವನು ಮಾತನಾಡಲಿಲ್ಲ. ಅದು ಹೆಸರಿಗೆ ಅವನು ಕೊಟ್ಟ ಮತ. ಒಂದೊಂದಾಗಿ ಉಳಿದ ಕೈಗಳೂ ಎದ್ದವು. ಕೆಲವರು ಅವನ ಮೇಲಿನ ಸಿಟ್ಟಿಗೆ ಎತ್ತಿದರು, ಕೆಲವರು ಅವನ ಮೇಲಿನ ಗೌರವಕ್ಕೆ. ಯಾರದು ಯಾವುದೆಂದು ಎಣಿಸುವಂತಿರಲಿಲ್ಲ. ಮುರಿದ ಬೆರಳು ಸೊಟ್ಟಗೆ ಕೂಡಿಕೊಂಡಿತು. ಅನ್ಸೆಲ್ಮೊನಿಗೆ ಮತ್ತೆ ಕತ್ತರಿ ಹಿಡಿಯಲಾಗಲಿಲ್ಲ, ಉಣ್ಣೆ ಮೂಟೆ ಹೊರುವ ಕೆಲಸಕ್ಕೆ ಸೇರಿದ ಎನ್ನುತ್ತಾರೆ.

ಇಂದು ಪಂದ್ಯ ನೋಡಲು ಹೋದವರಿಗೆ ಮೈದಾನದ ಎರಡು ಬದಿಯಲ್ಲಿ ಎರಡು ಸಾಲು ಮರದ ಬೆಂಚುಗಳು ಕಾಣುತ್ತವೆ. ಎರಡರಲ್ಲೂ ಉನಿಯೋನಿನವರೇ, ಒಂದೇ ಬಣ್ಣದ ಅಂಗಿಯವರೇ. ಆದರೆ ಎತ್ತಬೇಕಿತ್ತು ಎನ್ನುವವರು ಪಡುವಣದಲ್ಲಿ, ಎತ್ತದ್ದೇ ಸರಿ ಎನ್ನುವವರು ಮೂಡಣದಲ್ಲಿ ಕೂರುತ್ತಾರೆ. ದೆಲ್ಫಿನಾ ಮುಂದೆ ಗಂಡನೊಡನೆ ಮಾತಾಡಿದಳು, ಮೂರು ಮಕ್ಕಳನ್ನು ಹೆತ್ತಳು, ಅವನ ತೋಳು ಹಿಡಿದೇ ಪಂದ್ಯಕ್ಕೆ ಬರುತ್ತಿದ್ದಳು; ಬಾಗಿಲಲ್ಲಿ ತೋಳು ಬಿಟ್ಟು, ಸಾಯುವವರೆಗೂ ಪಡುವಣಕ್ಕೇ ಹೋಗಿ ಕೂತಳಂತೆ. ಈಗಲೂ ಹೊಸಬರು ಟಿಕೆಟಿಗೆ ಕೈ ಚಾಚಿದರೆ, ಬಾಗಿಲು ಕಾಯುವವನು ಅದನ್ನು ತಕ್ಷಣ ಕೊಡುವುದಿಲ್ಲ. ಮುಖ ನೋಡಿ ಕೇಳುತ್ತಾನೆ: "ನೀವಾಗಿದ್ದರೆ ಏನು ಮಾಡ್ತಿದ್ರಿ?" ಗೊತ್ತಿಲ್ಲ ಎಂದವರಿಗೆ ಅಲ್ಲಿ ಕೂರಲು ಜಾಗವಿಲ್ಲ. ಅವರು ಆಟ ಮುಗಿಯುವವರೆಗೂ ನಿಂತೇ ನೋಡಬೇಕು.