ಕುಲಪತಿಗಳಿಗೆ ಗಂಧದ ಹಾರ

ನಮ್ಮ ಬೆಳ್ಳಾವಿ ಮನೆತನ ಮೂರು ತಲೆಮಾರಿನಿಂದ ಈ ವಿಶ್ವವಿದ್ಯಾಲಯದ ಸೇವೆಯಲ್ಲಿದೆ. ಸಸ್ಯಶಾಸ್ತ್ರ ವಿಭಾಗವನ್ನು ಕಟ್ಟಿದವರೇ ನನ್ನ ತಾತ. ಸಭಾಂಗಣದ ಗೋಡೆಯ ಮೇಲೆ, ದಿವಂಗತರಾದ ಮಹನೀಯರ ಸಾಲಿನಲ್ಲಿ, ಅವರ ಭಾವಚಿತ್ರವಿತ್ತು.

ಹೊಸ ಕುಲಪತಿಗಳು ಅದನ್ನು ಉಗ್ರಾಣಕ್ಕೆ ಕಳಿಸಿ, ಗೋಡೆಯ ಆ ಜಾಗದಲ್ಲಿ ತಮ್ಮ ಚಿತ್ರವನ್ನು ಹಾಕುವಂತೆ ಅಟೆಂಡರ್‌ಗೆ ಹೇಳಿದರು.

"ಸಾರ್, ಆ ಸಾಲು ಬೇರೆ..." ಎಂದ ಅವನು.

"ಬೇರೆ ಏನಯ್ಯ? ಅವರಿಗೆಲ್ಲ ಏನು ಮರ್ಯಾದೆಯೋ ನನಗೂ ಅದೇ ಆಗಬೇಕು. ಒಂದೂ ಕಡಿಮೆಯಾಗಕೂಡದು."

"ಆಗಲಿ ಸಾರ್."

ಮರುದಿನ ಬೆಳಿಗ್ಗೆ ಕುಲಪತಿಗಳು ತಮ್ಮ ಚಿತ್ರವನ್ನು ತೋರಿಸಲು ಪತ್ನಿಯನ್ನು ಕರೆತಂದರು. ಚಿತ್ರಕ್ಕೆ ಗಂಧದ ಹಾರ ಬಿದ್ದಿತ್ತು. ಮುಂದೆ ದೀಪ ಉರಿಯುತ್ತಿತ್ತು, ಊದುಬತ್ತಿ ಹೊಗೆಯಾಡುತ್ತಿತ್ತು.

ಆಕೆ ತಾಳಿಯನ್ನು ಹಿಡಿದುಕೊಂಡು ಕೂಗಿದರು: "ಅಯ್ಯೋ, ಬದುಕಿರೋರಿಗೆ ಇದೇನ್ರೀ! ಮೊದಲು ಇಳಿಸಿ!"

ಕುಲಪತಿಗಳು ಅಟೆಂಡರ್‌ನನ್ನು ದುರುಗುಟ್ಟಿ ನೋಡಿದರು. ಅವನು ಕೈಮುಗಿದ.

"ಈ ಗೋಡೆಯವರಿಗೆ ದಿನಾ ಮಾಡೋದು ಇಷ್ಟೇ ಸಾರ್. ಒಂದೂ ಕಡಿಮೆ ಮಾಡಿಲ್ಲ."

ಕುಲಪತಿಗಳೇ ಕುರ್ಚಿ ಹತ್ತಿ ಚಿತ್ರವನ್ನು ಇಳಿಸಿದರು. ತಾತ ತಮ್ಮ ಜಾಗಕ್ಕೆ ಮರಳಿದ್ದಾರೆ.

ಅಷ್ಟು ಸಾಲದು. ಕುಲಪತಿಗಳು ತಾತನ ಚಿತ್ರದ ಮುಂದೆ ನಿಂತು ನಮ್ಮ ಮನೆತನದ ಕ್ಷಮೆ ಕೇಳಬೇಕು.